ರಾಟ್‌ವೀಲರ್ ಸಾಕಬಹುದಾ ಅಂತ ಕೇಳುವವರಿಗೆ: ನನ್ನ ಅನುಭವ

"ಸಾರ್, ರಾಟ್‌ವೀಲರ್ ಮರಿ ತರೋಣ ಅಂತಿದ್ದೀವಿ. ಡೇಂಜರ್ ಅಂತಾರಲ್ಲ, ನಿಜಾನಾ?"

ಬೆಂಗಳೂರಿನ ಅಂಚಿನಲ್ಲಿ ನಾಯಿಗಳಿಗೆ ತರಬೇತಿ ಕೊಡುವ ನನಗೆ ಈ ಫೋನ್ ಬರದ ವಾರವಿಲ್ಲ. ಹೌದು, ಇಲ್ಲ ಅಂತ ಉತ್ತರ ಕೊಡೋ ಬದಲು ನಾನೇ ವಾಪಸ್ ಕೇಳುತ್ತೇನೆ. ಮನೇಲಿ ಯಾರ್ಯಾರಿದ್ದೀರಿ? ಹಗಲು ಹೊತ್ತು ನಾಯಿ ಜೊತೆ ಯಾರಿರ್ತಾರೆ? ಎಲ್ಲಿ ಇಡ್ತೀರಿ? "ತಾರಸಿ ಮೇಲೆ, ಚೈನ್ ಹಾಕಿ" ಅಂದರೆ ಮಾತು ಅಲ್ಲಿಗೇ ಮುಗಿಯಿತು. ಅಂಥ ಮನೆಗೆ ರಾಟ್‌ವೀಲರ್ ಅಷ್ಟೇ ಅಲ್ಲ, ಬೀದಿ ಮರಿಯನ್ನೂ ನಾನು ಕೊಡಿಸುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮೆದುರು ನಿಂತಿರುವ ನಾಯಿ ಕಚ್ಚುತ್ತದಾ ಅನ್ನೋದನ್ನು ತಳಿ ನೋಡಿ ಹೇಳೋಕಾಗಲ್ಲ. ಕಚ್ಚಿದರೆ ಗಾಯ ಎಷ್ಟು ಆಳಕ್ಕೆ ಹೋಗುತ್ತದೆ ಅನ್ನೋದನ್ನು ಮಾತ್ರ ಹೇಳಬಹುದು. ಪೊಮೆರೇನಿಯನ್ ಕಚ್ಚಿದರೆ ಬ್ಯಾಂಡೇಜು, ಇಂಜೆಕ್ಷನ್. ನಲವತ್ತೈದು ಕೆಜಿ ತೂಗುವ ನಾಯಿ ಹಿಡಿದು ಒದರಿದರೆ ಆಪರೇಷನ್, ಕೆಲವೊಮ್ಮೆ ಪ್ರಾಣವೇ ಹೋಗಬಹುದು. "ನಾಯಿ ಒಳ್ಳೇದೇ, ಎಲ್ಲಾ ನಾವು ಬೆಳೆಸಿದ ರೀತಿ" ಅನ್ನುವವರು ಈ ತೂಕವನ್ನು ಮರೆಯುತ್ತಾರೆ. "ಈ ತಳಿಯೇ ರಾಕ್ಷಸ" ಅನ್ನುವವರು ನಾಯಿಯನ್ನು ನೋಡುವುದೇ ಇಲ್ಲ.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟೀನೊ, ಕೇನ್ ಕೋರ್ಸೊ ಸೇರಿ 23 ತಳಿಗಳನ್ನು ತರಿಸಬಾರದು, ಮರಿ ಮಾಡಿಸಬಾರದು, ಮಾರಬಾರದು. ಈಗಾಗಲೇ ಮನೆಯಲ್ಲಿ ಇರುವುದಕ್ಕೆ ಸಂತಾನಹರಣ ಮಾಡಿಸಬೇಕು ಅಂತ. ಆ ಪಟ್ಟಿಯಲ್ಲಿ "ಟೆರಿಯರ್ಸ್" ಅಂತಲೂ ಇತ್ತು. ಅದು ಒಂದು ತಳಿಯಲ್ಲ, ಹಲವು ತಳಿಗಳ ಗುಂಪಿನ ಹೆಸರು. ಮಡಿಲಲ್ಲಿ ಕೂರುವ ಯಾರ್ಕ್‌ಷೈರ್ ಟೆರಿಯರ್ ಕೂಡ ಟೆರಿಯರ್ರೇ. ಆದರೂ ಸುತ್ತೋಲೆಯ ಹಿಂದಿದ್ದ ಭಯ ಸುಳ್ಳಲ್ಲ. 2022ರ ಜುಲೈನಲ್ಲಿ ಲಖನೌದಲ್ಲಿ ಸಾಕಿದ ಪಿಟ್‌ಬುಲ್ಲೇ ಮನೆಯ 82 ವರ್ಷದ ಅಜ್ಜಿಯನ್ನು ಕಚ್ಚಿ ಕೊಂದಿತ್ತು. ಆ ಸುದ್ದಿ ಓದಿದ ದಿನ ನನಗೂ ಊಟ ಸೇರಲಿಲ್ಲ.

2024ರ ಏಪ್ರಿಲ್ 10ಕ್ಕೆ ಕರ್ನಾಟಕ ಹೈಕೋರ್ಟ್ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅನ್ನೋದು ದೊಡ್ಡ ಕಾರಣ. ಎಲ್ಲರ ಮಾತು ಕೇಳಿ, ಕ್ರಮವಾಗಿ ಮತ್ತೆ ನಿಯಮ ತರಲು ಅಡ್ಡಿಯಿಲ್ಲ ಅಂತಲೂ ಹೇಳಿತು. ಆದರೆ ನಡುವಿನ ಆ ಕೆಲವು ವಾರಗಳಲ್ಲಿ ನನಗೆ ಬರುತ್ತಿದ್ದ ಫೋನ್‌ಗಳ ಧಾಟಿಯೇ ಬದಲಾಗಿತ್ತು. "ಇಟ್ಕೊಂಡ್ರೆ ಕೇಸ್ ಆಗುತ್ತಾ?" "ಓನರ್ ಮನೆ ಖಾಲಿ ಮಾಡಿ ಅಂತಿದ್ದಾರೆ." "ಎಲ್ಲಾದ್ರೂ ಸೇರಿಸ್ಕೊಡಿ." ರಾಕಿ ನನ್ನ ಹತ್ತಿರ ಬಂದದ್ದು ಹಾಗೆ.

ಸುಮಾರು ಮೂರು ವರ್ಷದ ಗಂಡು ರಾಟ್‌ವೀಲರ್. ತಾರಸಿಯಲ್ಲೇ ಬೆಳೆದವನು. ಊಟದ ತಟ್ಟೆ ಸರಿಸಲು ಹೋದ ಕೆಲಸದಮ್ಮನ ಮುಂಗೈ ಹಿಡಿದಿದ್ದ, ಹೊಲಿಗೆ ಬಿದ್ದಿತ್ತು. ಕರೆತಂದವರು ಕೆಟ್ಟವರೇನಲ್ಲ, ಹೆದರಿದ್ದರು. "ಗುರ್ ಅನ್ನಲೇ ಇಲ್ಲ ಸಾರ್, ಸೀದಾ ಹಿಡಿದ. ಈ ಜಾತೀನೇ ಹಿಂಗಂತೆ" ಅಂದರು.

ಇಂಥ ನಾಯಿ ಬಂದಾಗ ನಾನು ಮೊದಲು ಮಾಡುವುದು ತರಬೇತಿ ಅಲ್ಲ, ಡಾಕ್ಟರಿಗೆ ತೋರಿಸುವುದು. ನೋವಿರುವ ನಾಯಿಗೆ ಏನು ಕಲಿಸಿದರೂ ತಲೆಗೆ ಹತ್ತಲ್ಲ. ರಾಕಿಯ ಎರಡೂ ಕಿವಿಯಲ್ಲಿ ಕಪ್ಪು ಕೀವು, ಹತ್ತಿರ ಹೋದರೆ ವಾಸನೆ. ಬೆಲ್ಟ್ ಉಜ್ಜಿ ಉಜ್ಜಿ ಕತ್ತಿನ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ತಲೆಯ ಹತ್ತಿರ ಯಾರ ಕೈ ಬಂದರೂ ಅವನಿಗೆ ನೋವೇ. ಕಿವಿ ವಾಸಿಯಾಗುತ್ತಿದ್ದಂತೆ ಅರ್ಧ ಸಿಟ್ಟು ತಾನೇ ಇಳಿಯಿತು.

ಗುರ್ ಅನ್ನದೆ ಕಚ್ಚಿದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಮರಿಯಾಗಿದ್ದಾಗ ಗುರುಗುಟ್ಟಿದಾಗೆಲ್ಲ ಹೊಡೆದಿದ್ದರು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ಸಿಟ್ಟು ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಸದ್ದು ಹೋದರೂ ಮೈ ಮಾತಾಡುತ್ತಿರುತ್ತದೆ. ತಟ್ಟೆ ಇಟ್ಟು ನಾನು ಎರಡು ಹೆಜ್ಜೆ ಹತ್ತಿರ ಹೋದರೆ ರಾಕಿ ಅಗಿಯುವುದನ್ನು ನಿಲ್ಲಿಸುತ್ತಿದ್ದ. ತಲೆ ತಟ್ಟೆಯ ಮೇಲೇ. ಕಣ್ಣು ಮಾತ್ರ ನನ್ನ ಕಡೆ ಹೊರಳಿ ಬಿಳಿ ಕಾಣುತ್ತಿತ್ತು. ಬಾಯಿ ಮುಚ್ಚಿ, ಬೆನ್ನು ಬಿಗಿಯಾಗಿ, ಇಡೀ ನಾಯಿ ಒಂದು ಕ್ಷಣ ಅಲುಗಾಡದೆ ನಿಲ್ಲುತ್ತಿತ್ತು. ಆ ನಿಂತ ಕ್ಷಣವೇ ಕೊನೆಯ ಎಚ್ಚರಿಕೆ. ಬಹಳ ಮನೆಗಳಲ್ಲಿ ಇದನ್ನು "ಸುಮ್ನೆ ನಿಂತಿದ್ದ" ಅಂತಾರೆ.

ತಟ್ಟೆ ಕಿತ್ತುಕೊಂಡು "ಯಜಮಾನ ನಾನು" ಅಂತ ತೋರಿಸುವ ತರಬೇತಿ ಇನ್ನೂ ನಡೀತಿದೆ. ನಾನು ಅದನ್ನು ಮಾಡುವುದಿಲ್ಲ. ಅವನು ಬಿಗಿಯಾಗದಷ್ಟು ದೂರದಿಂದ ಹಾದುಹೋಗುತ್ತಾ, ಅವನ ಅನ್ನಕ್ಕಿಂತ ರುಚಿಯಾದ ಬೆಂದ ಕೋಳಿ ಚೂರನ್ನು ತಟ್ಟೆಗೆ ಎಸೆದು ಮುಂದೆ ನಡೆಯುತ್ತಿದ್ದೆ, ನಿಲ್ಲುತ್ತಿರಲಿಲ್ಲ. ದೂರ ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಮನುಷ್ಯ ಹತ್ತಿರ ಬಂದರೆ ತಟ್ಟೆಗೆ ಇನ್ನೊಂದು ಬೀಳುತ್ತದೆ ಅನ್ನೋದು ಅವನಿಗೆ ಗಟ್ಟಿಯಾದ ಮೇಲೆ ನನ್ನನ್ನು ಕಂಡರೆ ಬಾಲ ಆಡಿಸಲು ಶುರು ಮಾಡಿದ. ಇನ್ನೊಂದು ದಿನ ಬೇರೆ ನಾಯಿ ಹತ್ತಿರ ಬಂದಾಗ ಸಣ್ಣಗೆ ಗುರ್ ಅಂದ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಎಚ್ಚರಿಕೆ ವಾಪಸ್ ಬಂದಿತ್ತು.

ಜೊತೆಗೇ ಮಝಲ್ ಅಭ್ಯಾಸ, ಅಂದರೆ ನಾಯಿ ಕಚ್ಚದಂತೆ ಮೂತಿಗೆ ಹಾಕುವ ಕವಚದ್ದು. ಒಕ್ಕಣೆ ಹೊತ್ತಿನಲ್ಲಿ ಎತ್ತಿಗೆ ಕಟ್ಟುವ ಬಾಯಿಕುಕ್ಕೆ ಇದೆಯಲ್ಲ, ಅದರ ಹಾಗೆ ಬುಟ್ಟಿಯಂಥದ್ದೇ ಆಗಬೇಕು. ಬಾಯಿ ಬಿಗಿದು ಕಟ್ಟುವ ಬಟ್ಟೆಯದ್ದು ವಾಕಿಂಗಿಗೆ ಬೇಡವೇ ಬೇಡ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರು ಬಿಟ್ಟು. ಬಾಯಿ ತೆರೆಯಲು ಆಗದಿದ್ದರೆ ನಮ್ಮ ಬಿಸಿಲಿಗೆ ಅದು ಕುಸಿದು ಬೀಳುತ್ತದೆ. ಬುಟ್ಟಿಯ ಒಳಗೆ ಮೊಸರು ಸವರಿ ಹಿಡಿದೆ. ಅವನೇ ಮೂತಿ ಹಾಕಿ ನೆಕ್ಕಿದ. ಎಷ್ಟೋ ದಿನ ಪಟ್ಟಿ ಕಟ್ಟಲೇ ಇಲ್ಲ. ಆಮೇಲೆ ಕಟ್ಟಿ ತಕ್ಷಣ ಬಿಚ್ಚಿದೆ. ಬರಬರುತ್ತಾ ಮಝಲ್ ಕೈಗೆತ್ತಿಕೊಂಡರೆ ವಾಕಿಂಗ್ ಅಂತ ಓಡಿ ಬರತೊಡಗಿದ. ದೊಡ್ಡ ನಾಯಿ ಇಟ್ಟುಕೊಂಡವರೆಲ್ಲ ಇದನ್ನು ಮರಿಯಲ್ಲೇ ಕಲಿಸಬೇಕು. ಅದು ಶಿಕ್ಷೆಯಲ್ಲ. ಲಿಫ್ಟಿನಲ್ಲಿ ಪಕ್ಕ ನಿಂತ ಅಜ್ಜಿಗೆ ನಾವು ತೋರಿಸುವ ಮರ್ಯಾದೆ.

ಹಾಗಾದರೆ ರಾಟ್‌ವೀಲರ್ ರಕ್ತದಲ್ಲಿ ಏನೂ ಇಲ್ಲವಾ? ಇದೆ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಸಾಯಿಯವರು ದನ ಅಟ್ಟಲು, ಗಾಡಿ ಎಳೆಯಲು ಬೆಳೆಸಿದ ನಾಯಿ ಇದು. ಮೈಯಿಂದ ತಳ್ಳುತ್ತದೆ, ಅಪರಿಚಿತರನ್ನು ಬೇಗ ಒಪ್ಪುವುದಿಲ್ಲ. ಪಿಟ್‌ಬುಲ್ಲಿನ ಹಿರಿಯರನ್ನು ಮೊದಲು ಗೂಳಿಯ ಮೇಲೆ ಬಿಟ್ಟು, ಬ್ರಿಟನ್ನಿನಲ್ಲಿ 1835ರಲ್ಲಿ ಆ ಆಟ ನಿಷೇಧವಾದ ಮೇಲೆ ನಾಯಿಗಳನ್ನೇ ಒಂದರ ಮೇಲೊಂದು ಬಿಟ್ಟು, ಕಾಳಗಕ್ಕೆಂದೇ ಆರಿಸಿದರು. ಪಿಟ್‌ಬುಲ್ಲಿನ ದವಡೆ ಬೀಗ ಬಿದ್ದಂತೆ ಲಾಕ್ ಆಗುತ್ತದೆ ಅನ್ನೋದು ಸುಳ್ಳು. ಆದರೆ ಹಿಡಿದದ್ದನ್ನು ಸುಲಭಕ್ಕೆ ಬಿಡದ ಹಟ ಹಲವು ಪಿಟ್‌ಬುಲ್‌ಗಳಲ್ಲಿ ನಾನೇ ನೋಡಿದ್ದೇನೆ. ನಮ್ಮ ಮುಧೋಳ ನಾಯಿಯೂ ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ. ಅದಕ್ಕೆಂದೇ ಬೆಳೆಸಿದ್ದು.

ಆದರೆ ತಳಿಯೊಂದರಿಂದಲೇ ಒಂದು ನಾಯಿಯ ಗುಣ ಹೇಳಿಬಿಡಬಹುದು ಅನ್ನೋದು ನಿಲ್ಲುವ ಮಾತಲ್ಲ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ನೋಡಿತು. ನಾಯಿ ನಾಯಿಗೆ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ನನ್ನ ಕೆಲಸಕ್ಕೆ ಹೆಚ್ಚು ಬೆಳಕು ಕೊಟ್ಟದ್ದು ಅಮೆರಿಕದ ಇನ್ನೊಂದು ಅಧ್ಯಯನ, 2013ರದ್ದು. 2000ದಿಂದ 2009ರವರೆಗೆ ಅಲ್ಲಿ ನಾಯಿ ಕಚ್ಚಿ ಸತ್ತ 256 ಪ್ರಕರಣಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಶೇ. 87ರಲ್ಲಿ ಬಿಡಿಸಬಲ್ಲವರು ಯಾರೂ ಹತ್ತಿರ ಇರಲಿಲ್ಲ. ಶೇ. 84ರಲ್ಲಿ ನಾಯಿಗೆ ಸಂತಾನಹರಣ ಆಗಿರಲಿಲ್ಲ. ಶೇ. 76ರಲ್ಲಿ ನಾಯಿಯನ್ನು ಮನೆಯವರ ಜೊತೆ ಬೆರೆಯಲು ಬಿಡದೆ ದೂರ ಇಟ್ಟಿದ್ದರು. ಹೆಚ್ಚಿನ ಕಡೆ ಇಂಥ ಹಲವು ಕಾರಣಗಳು ಒಟ್ಟಿಗೇ ಇದ್ದವು. ಇದನ್ನು ಓದಿದ ಮೇಲೆ ತಾರಸಿಯ ಚೈನ್ ನನಗೆ ಬರೀ ಪಾಪದ ವಿಷಯವಾಗಿ ಕಾಣುತ್ತಿಲ್ಲ. ಅದು ನೆರೆಹೊರೆಗೂ ಅಪಾಯ.

ಹೆಸರು ಹಿಡಿದು ನಿಷೇಧಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಬ್ರಿಟನ್ ನೋಡಿ. 1991ರ ಕಾನೂನಿನಲ್ಲಿ ನಾಲ್ಕು ಬಗೆಯ ನಾಯಿಗಳಿದ್ದವು. ಅಂಥ ನಾಯಿಯೇ ಬೇಕೆನ್ನುವವರು ಪಟ್ಟಿಯಲ್ಲಿಲ್ಲದ ಎಕ್ಸ್‌ಎಲ್ ಬುಲ್ಲಿ ಎಂಬ ದೊಡ್ಡ ಮೈಕಟ್ಟಿನ ನಾಯಿಯನ್ನು ಸಾಕತೊಡಗಿದರು. ಸಾವುಗಳಾದ ಮೇಲೆ 2023ರ ಕೊನೆಗೆ ಅದನ್ನೂ ಸೇರಿಸಬೇಕಾಯಿತು. ಇಲ್ಲೂ ಹಾಗೇ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ, ಯಾಕಂದರೆ ಮರಿ ಮಾಡಿ ಮಾರುವವರನ್ನು ಯಾರೂ ಮುಟ್ಟುತ್ತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ನಿಯಮವೇ ಇದೆ. ಆದರೂ ತಿಂಗಳ ಮರಿಗಳು ನನ್ನ ಹತ್ತಿರ ಬರುತ್ತವೆ. ಕಚ್ಚುವ ಬಿಗಿ ಎಷ್ಟಿರಬೇಕು ಅಂತ ಮರಿ ಕಲಿಯುವುದು ತಾಯಿ, ಒಡಹುಟ್ಟುಗಳ ಜೊತೆ ಆಡುತ್ತಾ. ಆ ಪಾಠವೇ ತಪ್ಪಿ ಹೋಗಿರುತ್ತದೆ. ಮರಿ ಕೊಳ್ಳುವವರು ತಾಯಿಯನ್ನು ನೋಡಲೇಬೇಕು. ತೋರಿಸಲ್ಲ ಅಂದರೆ ವಾಪಸ್ ಬನ್ನಿ, ಮುಂಗಡ ಹೋದರೂ ಪರವಾಗಿಲ್ಲ.

ರಾಕಿಗೆ ಮನೆ ಹುಡುಕುವಾಗ ತುಂಬಾ ಜನರಿಗೆ ಇಲ್ಲ ಅಂದೆ. ಒಬ್ಬರು ಒಳ್ಳೆಯವರೇ, ದೊಡ್ಡ ಕಾಂಪೌಂಡು, ಆದರೆ ನಡೆಯಲು ಕಲಿಯುತ್ತಿರುವ ಮಗು. ತಟ್ಟೆ ಹತ್ತಿರ ಅವನು ಎಷ್ಟೇ ಸುಧಾರಿಸಿರಲಿ, ನೆಲದಲ್ಲಿ ಬಿದ್ದ ಬಿಸ್ಕತ್ತಿಗೆ ಕೈ ಚಾಚುವ ಮಗುವಿನ ಮುಂದೆ ನಾನು ಅವನ ಪರವಾಗಿ ಗ್ಯಾರಂಟಿ ಕೊಡಲಾರೆ. ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ.

ಕೊನೆಗೆ ಮಾಗಡಿ ಕಡೆಯ ಗಂಡ ಹೆಂಡತಿ ಬಂದರು. ಮಕ್ಕಳು ಓದಲು ಹೊರಗಿದ್ದಾರೆ, ಹಿಂದೆಯೂ ದೊಡ್ಡ ನಾಯಿ ಸಾಕಿದ್ದಾರೆ. ಆದರೂ ಸುಮ್ನೆ ಕೊಟ್ಟು ಕಳಿಸಲಿಲ್ಲ. ಭಾನುವಾರಗಳಲ್ಲಿ ಬಂದು ಅವನಿಗೆ ಊಟ ಹಾಕಿದರು, ಮಝಲ್ ಹಾಕಿ ನಡೆಸಿದರು. ಆ ಅಕ್ಕ ಅವನು ಬಿಗಿಯಾಗುವುದನ್ನು ನನಗಿಂತ ಮೊದಲೇ ಗುರುತಿಸುವಷ್ಟು ಚುರುಕಾದ ಮೇಲೆ ಒಪ್ಪಿದೆ. ಸಂತಾನಹರಣ, ರೇಬೀಸ್ ಲಸಿಕೆ ನಾನೇ ಮಾಡಿಸಿದ್ದೆ. ಗೇಟಿಗೆ ಒಳಗಡೆಯಿಂದ ಇನ್ನೊಂದು ಗೇಟು ಹಾಕಿಸಿದರು. ಹಾಲಿನವರು, ಕೊರಿಯರ್‌ನವರು ಮೊದಲ ಗೇಟು ತೆರೆದರೂ ನಾಯಿ ಎದುರಾಗುವುದಿಲ್ಲ. ಚೈನ್ ಇಲ್ಲ, ರಾತ್ರಿ ಮನೆಯೊಳಗೇ ಮಲಗುತ್ತಾನೆ. ಹಬ್ಬಕ್ಕೆ ನೆಂಟರ ಮಕ್ಕಳು ಬಂದರೆ ಅವನಿಗೆ ಬೇರೆ ಕೋಣೆ, ಬಾಗಿಲಿಗೆ ಚಿಲಕ. ಇದು ನಮ್ಮ ಒಪ್ಪಂದ, ಕಾಗದದಲ್ಲೂ ಇದೆ.

ಕಾಗದದಲ್ಲಿ ಇನ್ನೊಂದು ಸಾಲೂ ಬರೆಸಿದ್ದೇನೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ಸೆಕ್ಷನ್ನಿನಲ್ಲಿ ಯಾವ ತಳಿಯ ಹೆಸರೂ ಇಲ್ಲ. ನಾಯಿ ಒಯ್ಯುವ ಪ್ರತಿಯೊಬ್ಬರಿಗೂ ಅದನ್ನು ಓದಿ ಹೇಳಿ, ಆಮೇಲೇ ಸಹಿ ಹಾಕಿಸುತ್ತೇನೆ.