ಸಂಜೆ ಆರೂವರೆಯ ಪ್ರಾರ್ಥನೆ: ಬೀದರಿನಲ್ಲಿ ಕುಡಿತ ಬಿಡಿಸಿದ ಅನುಭವ

ಪ್ರಾರ್ಥನೆಯಿಂದ ಕುಡಿತ ಬಿಡ್ತದಾ ಎಂದು ನಗುವವರು ಒಂದು ಕಡೆ, ವಿಶ್ವಾಸ ಇದ್ದ ಮೇಲೆ ಗುಳಿಗೆ ಯಾಕ್ರಿ ಎನ್ನುವ ನಮ್ಮ ಚರ್ಚ್ ಸಭೆಯ ಹಿರಿಯರು ಇನ್ನೊಂದು ಕಡೆ. ಇಬ್ಬರ ಮಾತೂ ಬಿಟ್ಟು, ಆಸ್ಪತ್ರೆ ಮತ್ತು ಪ್ರಾರ್ಥನೆ ಎರಡನ್ನೂ ಸೇರಿಸಿ ನಮ್ಮ ಗುಂಪು ನಡೆಸಿದ್ದು ಗಟ್ಟಿಯಾಗಿ ಉಳಿದಿದೆ. ಈಗ ಆ ಹಿರಿಯರೇ ಮಂದಿಯನ್ನು ಕರೆದುಕೊಂಡು ಬರುತ್ತಾರೆ.

ಮೊದಲ ವಾರ ಆಸ್ಪತ್ರೆಯದು. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಆರರಿಂದ ನಲವತ್ತೆಂಟು ತಾಸಿನೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೈಕಾಲು ನಡುಕ, ಇಲ್ಲದ್ದು ಕಾಣುವುದು, ಸನ್ನಿ. ಇದನ್ನೇ ದೆವ್ವ ಎಂದುಕೊಂಡು ಬಿಡಿಸಲು ಕೂತರೆ ಜೀವ ಹೋಗಬಹುದು. ತೆಲಂಗಾಣ ಗಡಿಯಾಚೆಯ ಸೇಂದಿ ಕುಡಿದವನಾದರೆ ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಬೇಕು, ಅದರಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ರಾಸಾಯನಿಕ ಬೆರೆತಿದ್ದರೆ ನಡುಕದ ಲೆಕ್ಕವೇ ಬೇರೆ. ಊರಲ್ಲಿ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಮಿನ್ (ವಿಟಮಿನ್ ಬಿ1) ಕೊಟ್ಟಿದ್ದಾರಾ ಎಂದು ಕೇಳಿ. ಉಪವಾಸ ಪ್ರಾರ್ಥನೆ, ಇಡೀ ರಾತ್ರಿಯ ಪ್ರಾರ್ಥನೆ ಎರಡನ್ನೂ ಮೊದಲ ತಿಂಗಳು ಬದಿಗಿಟ್ಟಿದ್ದೇವೆ. ಹಸಿವು, ನಿದ್ದೆಗೇಡು ಎರಡೂ ಅಂಗಡಿಯ ದಾರಿ ತೋರಿಸುತ್ತವೆ.

ಭಾನುವಾರದ ಆರಾಧನೆಯಿಂದ ಏನೂ ಆಗಲಿಲ್ಲ, ಬೆಳಿಗ್ಗೆ ಹತ್ತಕ್ಕೆ ನಮ್ಮಲ್ಲಿ ಹೆಚ್ಚಿನವರಿಗೆ ಹಂಬಲ ಇರುವುದಿಲ್ಲವಲ್ಲ. ಕೂಡಬೇಕಾದ್ದು ಕುಡಿಯುವ ಹೊತ್ತಿಗೆ: ಆರೂವರೆಯಿಂದ ಎಂಟು, ದಿನಾ, ಸರದಿಯಂತೆ ಐದಾರು ಮನೆಗಳಲ್ಲಿ. ಒಂದು ಹಾಡು, ಒಂದು ಕೀರ್ತನೆ, ಹತ್ತು ನಿಮಿಷ ಮೀರದ ಬೈಬಲ್ ವಾಕ್ಯದ ಮಾತು. ಮೀರಿದರೆ ಒಬ್ಬೊಬ್ಬರೇ ಬೀಡಿಗೆಂದು ಎದ್ದು ಹೋಗಿ ತಿರುಗಿ ಬರುವುದಿಲ್ಲ. ಆಮೇಲೆ ಬೈಬಲಿನ ಯಾಕೋಬ 5:16ರಂತೆ ಆ ದಿನದ ಆಸೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು, ತಕ್ಷಣ ರೊಟ್ಟಿ, ಪಲ್ಯ, ಬೆಲ್ಲದ ಚಹಾ. ಊಟ ತಪ್ಪಿದ ವಾರ ಮಂದಿಯೂ ತಪ್ಪಿದರು. ಹತ್ತು ಮಂದಿಗೆ ಮುನ್ನೂರು ರೂಪಾಯಿ ಆಸುಪಾಸು ಬೀಳುತ್ತದೆ. ದುಬಾರಿ ಎಂದವರಿಗೆ ಒಬ್ಬನ ಮದ್ಯದ ಪೌಚಿನ ಲೆಕ್ಕ ಹಾಕಿ ತೋರಿಸಿದರೆ ಬಾಯಿ ಮುಚ್ಚುತ್ತಾರೆ.

ರೊಕ್ಕದ್ದೇ ದೊಡ್ಡ ಕೆಲಸ. ಪಗಾರ ಶನಿವಾರ ಕೈಗೆ ಬಂದರೆ ಭಾನುವಾರ ಖಾಲಿ. ಮೇಸ್ತ್ರಿಯನ್ನು ಒಪ್ಪಿಸಿ, ಕುಡಿಯುವವನದೇ ಒಪ್ಪಿಗೆಯಿಂದ, ಅವನ ಹೆಂಡತಿಯ ಖಾತೆಗೆ ಹಾಕಿಸುತ್ತೇವೆ. ಅಂಗಡಿಯ ಹಳೆಯ ಉದ್ರಿಯನ್ನು ಬೇರೊಬ್ಬರು ಹೋಗಿ ತೀರಿಸಬೇಕು. ಅವನೇ ಹೋದರೆ ಅಲ್ಲೇ ಕೂತುಬಿಡುತ್ತಾನೆ. ಶನಿವಾರ ಐದು ಗಂಟೆಗೆ ಮಾಡುವ ಇನ್ನೊಂದು ಉಪಾಯ ಇದೆ, ಅದನ್ನು ಬಂದು ಕೂತವರಿಗೆ ಮಾತ್ರ ಹೇಳುವುದು.

ಕರ್ತನ ಭೋಜನಕ್ಕೆ, ಅಂದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ, ಹುಳಿತ ದ್ರಾಕ್ಷಾರಸವೂ (ವೈನ್) ನಡೆಯದು, ಮದ್ಯ ಕುಡಿದರೆ ಮೈ ಕೆಡಿಸುವ ಡೈಸಲ್ಫಿರಾಮ್ ಗುಳಿಗೆ ನುಂಗುವವನಿಗಂತೂ ಒಂದು ಗುಟುಕೂ ಬೇಡ. ಮೆಥಡಿಸ್ಟರೆಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡದವರಿಗೆ ಇದು ಹೊಸದಲ್ಲ. ಥಾಮಸ್ ವೆಲ್ಚ್ ಎಂಬ ಅಮೆರಿಕದ ಮೆಥಡಿಸ್ಟ್ ದಂತವೈದ್ಯ ಹುಳಿಯದ ದ್ರಾಕ್ಷಿ ರಸ ಮಾಡಿದ್ದು 1869ರಲ್ಲಿ. ನಾವೂ ಕಪ್ಪು ದ್ರಾಕ್ಷಿ ಹಿಂಡಿ ನೋಡಿದೆವು. ಬೇಸಿಗೆಯಲ್ಲಿ ಹಾಗೇ ಇಟ್ಟದ್ದು ಎರಡೇ ದಿನಕ್ಕೆ ಬುರುಗು ಎದ್ದು ವಾಸನೆ ಹೊಡೆಯಿತು. ಈಗ ಸೋಸಿ, ಬಿಸಿ ಬಿಸಿ ಹೊಗೆಯಾಡುವವರೆಗೆ ಕಾಯಿಸಿ, ಕುದಿಸಿದ ಬಾಟಲಿಗೆ ತುಂಬಿ ಫ್ರಿಜ್ಜಿಗಿಡುತ್ತೇವೆ. ಎರಡು ಕಿಲೋಗೆ ಒಂದು ಲೀಟರ್ ಮೇಲೆ ಸಿಗುತ್ತದೆ.

ಆ ಡೈಸಲ್ಫಿರಾಮ್ ಗುಳಿಗೆಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಹಾಕುವ ಚಾಳಿ ಈ ಕಡೆ ಇದೆ. ಅದು ತಿಳಿಯದೆ ಮದ್ಯ ಕುಡಿದರೆ ವಾಂತಿ, ಎದೆ ಹೊಡೆತ, ಬಿಪಿ ಇಳಿತ, ಸಾವೂ ಆಗಬಹುದು. ಗುಳಿಗೆ ನಿಂತ ಮೇಲೂ ಎರಡು ವಾರದವರೆಗೆ ಅಪಾಯ. ಕೆಲವು ಕೆಮ್ಮಿನ ಸಿರಪ್‌ನಲ್ಲೂ ಆಲ್ಕೋಹಾಲ್ ಇರುತ್ತದೆ. ಡಾಕ್ಟರು ಬರೆದು ಅವನೇ ಒಪ್ಪಿದರೆ ಮಾತ್ರ, ಅದೂ ಗುಂಪಿನವರ ಕೈಯಿಂದ. ಹೆಂಡತಿ ಕೊಟ್ಟರೆ ದಿನಾ ಜಗಳ.

ಕುಡಿತ ಬಿಟ್ಟ ಕಥೆಯನ್ನು ಸಭೆಯ ಮುಂದೆ ಸಾಕ್ಷಿಯಾಗಿ ಹೇಳಲು ವರ್ಷ ತುಂಬುವವರೆಗೆ ವೇದಿಕೆ ಹತ್ತಿಸುವುದಿಲ್ಲ. ಚಪ್ಪಾಳೆ ಬಿದ್ದ ವಾರವೇ ಹೆಚ್ಚು ಮಂದಿ ಮತ್ತೆ ಕುಡಿತಕ್ಕೆ ಜಾರಿದ್ದಾರೆ. ಜಾರಿದವನನ್ನು ಕರೆಯಲು ಹೋಗುವುದೂ ಇಲ್ಲ, ಮರುದಿನದ ಸರದಿಯನ್ನೇ ಅವನ ಮನೆಗೆ ಬದಲಿಸಿ ರೊಟ್ಟಿ ಕಟ್ಟಿಕೊಂಡು ಹೋಗುತ್ತೇವೆ.