ಫಾರ್ಮ್ಯಾಟ್ ಹೊಡೆಸುವ ಮುನ್ನ ಕ್ಯಾಬಿನೆಟ್ ತೆರೆದು ನೋಡಿ

ಪದೇ ಪದೇ ತಾನಾಗಿ ಆಫ್ ಆಗುವ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಹೊತ್ತೊಯ್ದರೆ ಮೊದಲು ಕಿವಿಗೆ ಬೀಳುವ ಮಾತು, ‘ಫಾರ್ಮ್ಯಾಟ್ ಹೊಡೆದು ನೋಡೋಣ’. ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವ ಅದು ಅಂಗಡಿಯವರಿಗೆ ಸುಲಭದ ಕೆಲಸ. ಕನ್ನಡ ತಂತ್ರಾಂಶದಿಂದ ಹಿಡಿದು ಪ್ರಿಂಟರ್ ನಡೆಸುವ ಡ್ರೈವರ್ ತಂತ್ರಾಂಶದವರೆಗೆ ಎಲ್ಲವನ್ನೂ ಮತ್ತೆ ಹಾಕಿಕೊಳ್ಳುವ ಪಾಡು ಮಾತ್ರ ನಿಮ್ಮದು. ದೋಷ ಯಾವುದೋ ಬಿಡಿಭಾಗದಲ್ಲಿ ಕುಳಿತಿದ್ದರೆ ಫಾರ್ಮ್ಯಾಟ್‌ನಿಂದ ಏನೂ ಆಗುವುದಿಲ್ಲ. ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಕೆಟ್ಟಿದ್ದರಂತೂ ಹೊಸ ವಿಂಡೋಸ್‌ನ ಕಡತಗಳು ಇನ್‌ಸ್ಟಾಲ್ ಆಗುವಾಗಲೇ ಹಾಳಾಗಿ, ವಾರದೊಳಗೆ ಹಳೆಯ ರಗಳೆ ಹೊಸ ರೂಪದಲ್ಲಿ ಶುರುವಾಗುತ್ತದೆ.

ಕಾರಣವನ್ನು ಮನೆಯಲ್ಲೇ ಹುಡುಕಬಹುದು. ಒಂದು ಸ್ಟಾರ್ ಸ್ಕ್ರೂಡ್ರೈವರ್, 8 ಜಿಬಿಯ ಒಂದು ಪೆನ್ ಡ್ರೈವ್, ಪೆನ್ಸಿಲ್ ಅಳಿಸುವ ರಬ್ಬರ್, ಬಣ್ಣ ಬಳಿಯುವ ಮೆತ್ತನೆಯ ಬ್ರಷ್, ಬರೆದಿಡಲು ಒಂದು ಹಾಳೆ ಇದ್ದರೆ ಸಾಕು. ಇಲ್ಲಿ ಹೇಳುವುದು ಮುಖ್ಯವಾಗಿ ಡೆಸ್ಕ್‌ಟಾಪ್ ಬಗ್ಗೆ. ಲ್ಯಾಪ್‌ಟಾಪ್‌ಗೂ ಕ್ರಮ ಇದೇ, ಬಿಚ್ಚಿ ನೋಡಲು ಸಿಗುವ ಭಾಗಗಳು ಮಾತ್ರ ಕಡಿಮೆ. ಎಲ್ಲಕ್ಕಿಂತ ಮೊದಲು, ಯಂತ್ರ ಇನ್ನೂ ಆನ್ ಆಗುತ್ತಿರುವಾಗಲೇ ಫೋಟೊ, ಲೆಕ್ಕಪತ್ರ, ಕಡತಗಳನ್ನೆಲ್ಲ ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಪರೀಕ್ಷೆಯ ನಡುವೆಯೇ ಡಿಸ್ಕ್ ಪ್ರಾಣ ಬಿಟ್ಟರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಯಾವಾಗ, ಹೇಗೆ ಕೈಕೊಡುತ್ತದೆ?

‘ಕ್ರ್ಯಾಶ್ ಆಗುತ್ತಿದೆ’ ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಯಾವ ಸೂಚನೆಯೂ ಇಲ್ಲದೆ ಫಕ್ಕನೆ ಆರಿಹೋಗುತ್ತದೆಯೇ? ಹಾಗಿದ್ದರೆ ಮೊದಲ ಅನುಮಾನ ವಿದ್ಯುತ್ ಪೂರೈಕೆ ಮತ್ತು ಬಿಸಿಯ ಮೇಲೆ. ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತದೆಯೇ? ರ‍್ಯಾಮ್, ಡಿಸ್ಕ್, ಡ್ರೈವರ್ ಈ ಮೂರನ್ನು ನೋಡಬೇಕು. (2025ರ ಅಪ್‌ಡೇಟ್ ಬಳಿಕ ವಿಂಡೋಸ್ 11ರಲ್ಲಿ ಈ ಪರದೆ ಕಪ್ಪಾಗಿದೆ; ಬಣ್ಣ ಬದಲಾಗಿದೆ, ಕಾಯಿಲೆ ಅದೇ.) ಚಿತ್ರ ನಿಂತಲ್ಲೇ ನಿಂತು, ಮೌಸ್ ಅಲ್ಲಾಡದೆ, ಕ್ಯಾಬಿನೆಟ್ಟಿನ ಡಿಸ್ಕ್ ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಡಿಸ್ಕ್ ಕಡೆ ತಿರುಗಿ.

ಸಮಯವನ್ನೂ ಗಮನಿಸಿ. ಆನ್ ಮಾಡಿ ಅರ್ಧ ಗಂಟೆಯಾದ ಮೇಲೆ, ಮಧ್ಯಾಹ್ನದ ಸೆಕೆಯಲ್ಲಿ, ವಿಡಿಯೊ ಎಡಿಟ್ ಮಾಡುವಾಗ, ಪಂಪ್‌ಸೆಟ್ ಚಾಲೂ ಆದಾಗ, ಪ್ರಿಂಟ್ ಕೊಟ್ಟಾಗ: ಒಂದೊಂದೂ ಒಂದೊಂದು ದಿಕ್ಕು ತೋರಿಸುತ್ತದೆ. ಪ್ರತಿ ಸಲವೂ ದಿನಾಂಕ, ಗಂಟೆ, ಆಗ ಮಾಡುತ್ತಿದ್ದ ಕೆಲಸ ಇಷ್ಟನ್ನು ಹಾಳೆಯಲ್ಲಿ ಗೀಚಿಡಿ.

ನೀಲಿ ಪರದೆ ಓದುವಷ್ಟರಲ್ಲಿ ಮಾಯವಾಗುವುದು ಹಲವರ ದೂರು. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟಿಂಗ್ಸ್’ ಹುಡುಕಿ, ‘ಸ್ಟಾರ್ಟಪ್ ಅಂಡ್ ರಿಕವರಿ’ ವಿಭಾಗಕ್ಕೆ ಹೋಗಿ, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿರುವ ಟಿಕ್ ತೆಗೆಯಿರಿ. ಇನ್ನು ಮುಂದೆ ಪರದೆ ಅಲ್ಲೇ ನಿಲ್ಲುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಬಹುದು.

ಯಂತ್ರವೇ ಬರೆದಿಟ್ಟ ದಿನಚರಿ

ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಎಂದು ಹುಡುಕಿ ತೆರೆದರೆ, ದಿನಗಳ ಸಾಲಿನಲ್ಲಿ ಕೆಂಪು ಗುರುತುಗಳು ಕಾಣುತ್ತವೆ. ಕೆಂಪು ಶುರುವಾದ ದಿನ ಏನು ಬದಲಾಯಿತೆಂದು ನೆನಪಿಸಿಕೊಳ್ಳಿ: ಹೊಸ ರ‍್ಯಾಮ್ ಹಾಕಿಸಿದಿರೇ, ಗುಡುಗು ಸಿಡಿಲಿನ ಮಳೆ ಬಂದಿತ್ತೇ, ಯುಪಿಎಸ್ ಬದಲಾಯಿತೇ?

ಹೆಚ್ಚಿನ ವಿವರ ‘ಈವೆಂಟ್ ವ್ಯೂವರ್’ನ ‘ಸಿಸ್ಟಮ್’ ಪಟ್ಟಿಯಲ್ಲಿರುತ್ತದೆ. ಅಲ್ಲಿ ಎದ್ದು ಕಾಣುವ ‘ಕರ್ನೆಲ್ ಪವರ್ 41’ ಎಂಬ ನಮೂದು ಎಷ್ಟೋ ಜನರಿಂದ ಸುಮ್ಮನೆ ಹೊಸ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಪೂರೈಕೆ ಡಬ್ಬಿ) ಖರೀದಿ ಮಾಡಿಸಿದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಯಿತು ಎಂಬುದಷ್ಟೇ ಅದರ ಅರ್ಥ. ಕಾರಣವೇನೆಂಬುದು ಅದಕ್ಕೂ ಗೊತ್ತಿಲ್ಲ. ನಿಜವಾಗಿ ಹುಡುಕಬೇಕಾದದ್ದು ‘ಡಬ್ಲ್ಯುಎಚ್‌ಇಎ ಲಾಗರ್’ ಎಂಬ ಮೂಲದಿಂದ ಬಂದ ನಮೂದುಗಳನ್ನು. ಪ್ರೊಸೆಸರ್, ಮೆಮೊರಿ ಅಥವಾ ಮದರ್‌ಬೋರ್ಡಿನ ಸ್ಲಾಟ್ ತಾನೇ ತಪ್ಪು ಕಂಡು ವರದಿ ಮಾಡಿದಾಗ ಮಾತ್ರ ಇವು ಬರುತ್ತವೆ.

ನೀಲಿ ಪರದೆಯ ಸಂದೇಶ ಪ್ರತಿ ಸಲವೂ ಬೇರೆ ಬೇರೆಯಾಗಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಸದಾ ಒಂದೇ ಸಂದೇಶ, ಒಂದೇ ಡ್ರೈವರ್ ಕಡತದ ಹೆಸರು ಬರುತ್ತಿದ್ದರೆ ದೋಷ ತಂತ್ರಾಂಶದ್ದೇ ಇರಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತಾಗ ಅವುಗಳ ಬಿಡಿಭಾಗಗಳಿಗೆ ಏನೂ ಆಗಿರಲಿಲ್ಲ.

ಬಿಡಿಭಾಗದ ದೋಷ, ತಂತ್ರಾಂಶದ ದೋಷ ಎರಡನ್ನೂ ಬೇರ್ಪಡಿಸಲು ಒಂದು ಒಳ್ಳೆಯ ಉಪಾಯವಿದೆ. ಪೆನ್ ಡ್ರೈವ್‌ನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆಗಳು) ಹಾಕಿ, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ, ಅಂದರೆ ಶುರುಮಾಡಿ, ಇನ್‌ಸ್ಟಾಲ್ ಮಾಡದೆ ಹಾಗೆಯೇ ಕೆಲವು ಗಂಟೆ ಬಳಸಿ. ಅಲ್ಲಿಯೂ ಯಂತ್ರ ಕೈಕೊಟ್ಟರೆ ವಿಂಡೋಸ್ ನಿರಪರಾಧಿ. ಅಲ್ಲಿ ಗಟ್ಟಿಯಾಗಿ ನಿಂತರೆ ತಪ್ಪು ವಿಂಡೋಸ್‌ನದ್ದು, ಇಲ್ಲವೇ ಡಿಸ್ಕ್‌ನದ್ದು. ಪೆನ್ ಡ್ರೈವ್‌ನಿಂದ ನಡೆಯುವಾಗ ಡಿಸ್ಕ್‌ಗೆ ಕೆಲಸವೇ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಬಿಸಿ ಮತ್ತು ದೂಳು

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆಯಿರಿ. ಪ್ರೊಸೆಸರ್ ಮೇಲಿನ, ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ಎಸಳುಗಳ ನಡುವೆ ದೂಳು ಕಂಬಳಿಯಂತೆ ಹೆಪ್ಪುಗಟ್ಟಿರುವುದು ನಮ್ಮಲ್ಲಿ ಮಾಮೂಲು. ಬ್ರಷ್‌ನಿಂದ ಬಿಡಿಸಿ, ಬ್ಲೋವರ್ ಇದ್ದರೆ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅದು ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಆಮೇಲೆ ‘ಎಚ್‌ಡಬ್ಲ್ಯುಇನ್ಫೊ’ದಂತಹ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರ್ ತಾಪಮಾನ ನೋಡಿ. ಸುಮ್ಮನಿದ್ದಾಗ 35ರಿಂದ 50 ಡಿಗ್ರಿ ಸೆಲ್ಸಿಯಸ್, ಭಾರಿ ಕೆಲಸದಲ್ಲಿ 80ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಈಗಿನ ಬಹುತೇಕ ಪ್ರೊಸೆಸರ್‌ಗಳು 95–100 ಡಿಗ್ರಿ ಸಮೀಪಿಸಿದಾಗ ಮೊದಲು ವೇಗ ಇಳಿಸುತ್ತವೆ. ಆಗಲೂ ಬಿಸಿ ತಗ್ಗದಿದ್ದರೆ ಯಂತ್ರವನ್ನೇ ಆಫ್ ಮಾಡುತ್ತವೆ. ಹೀಗಾಗಿ ಬಿಸಿಯಿಂದ ನಿಲ್ಲುವ ಯಂತ್ರ ಸಾಮಾನ್ಯವಾಗಿ ಅದಕ್ಕೆ ಮುಂಚೆ ಕುಂಟುತ್ತದೆ. ಕುಂಟದೆ ಏಕಾಏಕಿ ಆರುತ್ತಿದ್ದರೆ ಎಸ್‌ಎಂಪಿಎಸ್ ಕಡೆ ನೋಡಿ. ಕೋಣೆಯ ಬಿಸಿ ಏರಿದಷ್ಟೂ ಪ್ರೊಸೆಸರ್ ಬಿಸಿಯೂ ಏರುತ್ತದೆ. ಜನವರಿಯಲ್ಲಿ ಚೆನ್ನಾಗಿದ್ದ ಯಂತ್ರ ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ. ಹಲವು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಬಳಿದ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಒರೆಸಿ ಬಟಾಣಿ ಕಾಳಿನಷ್ಟು ಹೊಸದನ್ನು ಹಾಕಬೇಕು.

ರ‍್ಯಾಮ್: ತಾಳ್ಮೆಯ ಕೆಲಸ

ಅರ್ಥವಾಗದ ಕ್ರ್ಯಾಶ್‌ಗಳಲ್ಲಿ ನಾನು ಮೊದಲು ಅನುಮಾನಿಸುವುದು ರ‍್ಯಾಮನ್ನು. ಇದರ ಪರೀಕ್ಷೆಗೆ ಖರ್ಚಿಲ್ಲ, ಫಲಿತಾಂಶದಲ್ಲಿ ಗೊಂದಲವೂ ಕಡಿಮೆ.

ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಸ್ಲಾಟ್‌ನ ಕ್ಲಿಪ್ ಸಡಿಲಿಸಿ ರ‍್ಯಾಮ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಎತ್ತಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅಲ್ಲಲ್ಲಿ ಮಂಕಾಗಿ ಕಾಣಬಹುದು. ಕರಾವಳಿಯ ತೇವದ ಹವೆಯಲ್ಲಿ ಇದು ಬೇಗ ಆಗುತ್ತದೆ. ಬಿಳಿ ರಬ್ಬರ್‌ನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ, ಪುಡಿ ಉಳಿಯದಂತೆ ಒರೆಸಿ. ನಮ್ಮ ಮೆಕ್ಯಾನಿಕ್‌ಗಳ ಈ ಹಳೆಯ ಚಿಕಿತ್ಸೆಯನ್ನು ಕಂಪನಿಗಳ ಕೈಪಿಡಿ ಒಪ್ಪಲಿಕ್ಕಿಲ್ಲ, ಆದರೆ ಎಷ್ಟೋ ಯಂತ್ರಗಳು ಇದರಿಂದಲೇ ಎದ್ದು ಕುಳಿತಿವೆ. ಮರಳಿ ಹಾಕುವಾಗ ಕ್ಲಿಪ್ ‘ಟಕ್’ ಎಂದು ಕೂರಬೇಕು.

ಇದರಿಂದ ಸರಿಹೋಗದಿದ್ದರೆ ‘ಮೆಮ್‌ಟೆಸ್ಟ್86 ಪ್ಲಸ್’ ಎಂಬ ಉಚಿತ ತಂತ್ರಾಂಶವನ್ನು ಪೆನ್ ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ವಿಂಡೋಸ್‌ನೊಳಗೇ ಒಂದು ಮೆಮೊರಿ ಪರೀಕ್ಷೆ ಇದೆ, ಆದರೆ ಅದು ದೋಷವಿಲ್ಲ ಎಂದರೂ ಪೂರ್ತಿ ನಂಬುವಂತಿಲ್ಲ. ರಾತ್ರಿ ಮಲಗುವಾಗ ಶುರುಮಾಡಿ, ಬೆಳಿಗ್ಗೆ ನೋಡಿ. ಒಂದೇ ಒಂದು ತಪ್ಪು ಕಂಡರೂ ಅನುತ್ತೀರ್ಣವೇ. ‘ಬರೀ ಎರಡು ತಪ್ಪು ಬಂದಿವೆ, ಪರವಾಗಿಲ್ಲ’ ಎಂಬುದು ಇಲ್ಲಿ ನಡೆಯುವುದಿಲ್ಲ.

ತಪ್ಪು ಬಂತೆಂದು ತಕ್ಷಣ ಹೊಸ ರ‍್ಯಾಮ್ ಕೊಳ್ಳಬೇಡಿ. ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆದುಕೊಳ್ಳುವ ಮದರ್‌ಬೋರ್ಡಿನ ಸೆಟಿಂಗ್ಸ್‌ಗೆ) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ವೇಗವರ್ಧಕ ಆಯ್ಕೆ ಆನ್ ಆಗಿದ್ದರೆ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಬೇರೆ ಬೇರೆ ಕಂಪನಿಯ, ಬೇರೆ ವೇಗದ ಎರಡು ಪಟ್ಟಿಗಳನ್ನು ಜೊತೆಗೆ ಹಾಕಿದ್ದರೆ ಇದರಿಂದಲೇ ತಪ್ಪು ನಿಲ್ಲಬಹುದು. ನಿಲ್ಲದಿದ್ದರೆ ಒಂದು ಪಟ್ಟಿ ಮಾತ್ರ ಉಳಿಸಿ ಪರೀಕ್ಷಿಸಿ. ಬಳಿಕ ಅದೇ ಸ್ಲಾಟ್‌ಗೆ ಇನ್ನೊಂದು ಪಟ್ಟಿ. ಒಂದರಲ್ಲಿ ತಪ್ಪು ಬಂದು ಇನ್ನೊಂದರಲ್ಲಿ ಬಾರದಿದ್ದರೆ ಕಳ್ಳ ಸಿಕ್ಕಿದಂತೆ. ಎರಡರಲ್ಲೂ ತಪ್ಪು ಬಂದರೆ, ಅವೇ ಪಟ್ಟಿಗಳನ್ನು ಬೇರೆ ಸ್ಲಾಟ್‌ನಲ್ಲಿ ನೋಡಿ. ಅಲ್ಲಿ ತಪ್ಪಿಲ್ಲವೆಂದರೆ ಮೊದಲ ಸ್ಲಾಟ್ ಕೆಟ್ಟಿದೆ, ರ‍್ಯಾಮ್ ಅಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಶಿಸ್ತು ಇಡೀ ಹುಡುಕಾಟಕ್ಕೆ ಬೇಕು, ಇಲ್ಲಂತೂ ಅದಿಲ್ಲದೆ ಏನೂ ತಿಳಿಯುವುದಿಲ್ಲ.

ಡಿಸ್ಕ್

‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ಎಂಬ ತಂತ್ರಾಂಶ ತೆರೆದರೆ ಡಿಸ್ಕ್‌ನ ಆರೋಗ್ಯ ಬಣ್ಣದಲ್ಲೇ ಕಾಣುತ್ತದೆ. ಹಳದಿ ಬಂದರೆ ಬ್ಯಾಕಪ್ ಕೆಲಸ ನಾಳೆಗೆ ಇಟ್ಟುಕೊಳ್ಳಬೇಡಿ. ಹಾರ್ಡ್ ಡಿಸ್ಕ್‌ನಲ್ಲಿ ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಎರಡು ಸಾಲುಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ. ‘ಸಿಆರ್‌ಸಿ ಎರರ್’ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮುನ್ನ ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ. ಡಿಸ್ಕ್‌ನಿಂದ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಪರೀಕ್ಷೆಯನ್ನೂ ಮಾಡಬೇಡಿ, ದುರಸ್ತಿ ತಂತ್ರಾಂಶವನ್ನೂ ಓಡಿಸಬೇಡಿ. ಮೊದಲು ಕಡತಗಳನ್ನು ಹೊರತೆಗೆಯಿರಿ.

ಕರೆಂಟಿನ ದಾರಿ

ಡಿಟಿಪಿ ಅಂಗಡಿಗಳಲ್ಲಿ ಪ್ರಿಂಟ್ ಕೊಟ್ಟ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುವ ದೂರು ಬಂದರೆ ಮೇಜಿನ ಕೆಳಗೆ ಬಗ್ಗಿ ನೋಡಿ. ಲೇಸರ್ ಪ್ರಿಂಟರ್ ಕೂಡ ಅದೇ 600 ವಿಎ ಯುಪಿಎಸ್‌ಗೆ ಸಿಕ್ಕಿಸಿರಬಹುದು. ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸಲು ಒಳಗಿನ ಹೀಟರ್ ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳಲಾರದು. ಪ್ರಿಂಟರನ್ನು ನೇರ ಗೋಡೆಯ ಸಾಕೆಟ್‌ಗೆ ಬದಲಿಸಿದರೆ ಮುಗಿಯಿತು.

ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷ ದಾಟಿದ್ದರೆ ಅದರ ಮೇಲೂ ಅನುಮಾನವಿರಲಿ. ಕಂಪ್ಯೂಟರ್ ಬದಲು ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ. ದೀಪವೂ ಆರಿದರೆ ಬ್ಯಾಟರಿ ಸತ್ತಿದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದರೆ ಅರ್ತಿಂಗ್ ಇಲ್ಲ ಎಂದರ್ಥ. ಇದಕ್ಕೆ ಎಲೆಕ್ಟ್ರಿಷಿಯನ್ ಬೇಕು, ಕಂಪ್ಯೂಟರ್ ಮೆಕ್ಯಾನಿಕ್ ಅಲ್ಲ.

ಇನ್ನು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ‘ಫ್ರೀ’ ಬಂದದ್ದರ ಮೇಲೆ 450 ವಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ನಂಬುವ ಮೊದಲು ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ: 16 ಎಂದಿದ್ದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಸಿಗುವುದು 12 ಗುಣಿಸು 16, ಅಂದರೆ 192 ವಾಟ್ ಮಾತ್ರ. ಗೇಮ್ ಶುರುವಾದ ಕೂಡಲೇ ಯಂತ್ರ ಆರುವುದರ ಗುಟ್ಟು ಹಲವು ಸಲ ಇಲ್ಲೇ ಇರುತ್ತದೆ. ಮಲ್ಟಿಮೀಟರ್ ಬಳಸಿ ಅಭ್ಯಾಸವಿದ್ದವರು, ಡ್ರೈವ್‌ಗಳಿಗೆ ಬರುವ ನಾಲ್ಕು ಪಿನ್ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆಯಬಹುದು. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಅಳತೆ ಸರಿಯಿದ್ದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಎನ್ನಲಾಗದು, ಕ್ಷಣಮಾತ್ರದ ಕುಸಿತ ಮೀಟರ್‌ಗೆ ಕಾಣುವುದಿಲ್ಲ. ಗೆಳೆಯರ ಯಂತ್ರದಿಂದ ಒಳ್ಳೆಯ ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಅದರ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಉಳಿದವು

ಪರದೆಯ ಮೇಲೆ ಬಣ್ಣದ ಚೌಕಗಳು, ಗೆರೆಗಳು ಮೂಡಿದರೆ ಗ್ರಾಫಿಕ್ಸ್ ಕಾರ್ಡ್ ತೆಗೆದು, ಮದರ್‌ಬೋರ್ಡಿನ ಡಿಸ್‌ಪ್ಲೇ ಪೋರ್ಟ್ ಕೆಲಸ ಮಾಡುವುದಾದರೆ ಅದಕ್ಕೆ ಮಾನಿಟರ್ ಸಿಕ್ಕಿಸಿ ನೋಡಿ. ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಬದಲಿಸಿ. ಪ್ರೊಸೆಸರ್ ಕೆಡುವುದು ಅಪರೂಪ, ಆದರೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರು ಎಚ್ಚರವಾಗಿರಬೇಕು. ಅವುಗಳಲ್ಲಿ ಕೆಲವು ಅತಿಯಾದ ವೋಲ್ಟೇಜ್‌ನಿಂದ ಅಸ್ಥಿರವಾಗುತ್ತಿದ್ದುದನ್ನು ಕಂಪನಿ 2024ರಲ್ಲಿ ಒಪ್ಪಿಕೊಂಡು ಬಯಾಸ್ ಮೂಲಕ ಪರಿಹಾರ ಕೊಟ್ಟಿತು, ವಾರಂಟಿಯನ್ನೂ 2 ವರ್ಷ ವಿಸ್ತರಿಸಿತು. ಬಯಾಸ್ ಅಪ್‌ಡೇಟ್ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಕೆಟ್ಟ ಚಿಪ್ಪನ್ನು ಸರಿಪಡಿಸುವುದಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂಬ ತೀರ್ಮಾನಕ್ಕೆ ಉಳಿದದ್ದೆಲ್ಲ ಪರೀಕ್ಷೆಯಾದ ಮೇಲೆಯೇ ಬರಬೇಕು. ಉಬ್ಬಿದ ಕೆಪಾಸಿಟರ್ ಕಣ್ಣಿಗೆ ಕಂಡರೆ ಬೇರೆ ಮಾತು.

ಕೆಟ್ಟ ಭಾಗ ಗೊತ್ತಾದ ಮೇಲೆ ಬಿಲ್ ಹುಡುಕಿ. ರ‍್ಯಾಮ್‌ಗೆ ಹಲವು ಕಂಪನಿಗಳು 10 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಾರಂಟಿ ಕೊಡುತ್ತವೆ. ಜೋಡಿಯಾಗಿ ಕೊಂಡಿದ್ದರೆ ಎರಡೂ ಪಟ್ಟಿಗಳನ್ನು ತರುವಂತೆ ಕಂಪನಿಯವರು ಕೇಳಬಹುದು. ಮೆಮ್‌ಟೆಸ್ಟ್‌ನ ಕೆಂಪು ಸಾಲುಗಳ ಫೋಟೊ ಜೊತೆಗಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ವಾದಕ್ಕೆ ಅವಕಾಶ ಕಡಿಮೆ. ಹಾರ್ಡ್ ಡಿಸ್ಕ್ ಆದರೆ ಕೊಟ್ಟದ್ದು ವಾಪಸು ಬರುವುದಿಲ್ಲ, ಬೇರೆಯದು ಬರುತ್ತದೆ. ಒಳಗಿನ ಖಾಸಗಿ ಕಡತಗಳನ್ನು ಅಳಿಸಲು ಸಾಧ್ಯವಿದ್ದರೆ ಅಳಿಸಿಯೇ ಕೌಂಟರ್ ಮೇಲಿಡಿ.