ಒಂದೇ ಹಾಲ್, ಒಂಬತ್ತು ಕಲಾವಿದರು: ಸಮೂಹ ಪ್ರದರ್ಶನ ಕಟ್ಟುವ ಬಗೆ

30 ಅಡಿ ಉದ್ದ, 20 ಅಡಿ ಅಗಲದ ಹಾಲ್. ಸುತ್ತಳತೆ 100 ಅಡಿ. ಬಾಗಿಲು, ಕಿಟಕಿ, ಸ್ವಿಚ್ ಬೋರ್ಡ್ ಕಳೆದರೆ ಕೃತಿ ತೂಗುಹಾಕಲು ಸಿಗುವುದು 72 ಅಡಿ. ಒಂಬತ್ತು ಮಂದಿಗೆ ಹಂಚಿದರೆ ತಲೆಗೆ ಸರಿಯಾಗಿ ಎಂಟೆಂಟು ಅಡಿ. ಈ ಲೆಕ್ಕ ಎಷ್ಟು ಸಲೀಸೋ ಅಷ್ಟೇ ತಪ್ಪು. ಒಬ್ಬರದು ಅಂಗೈಯಗಲದ ಎಚಿಂಗ್ (ಲೋಹದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರ), ಅದರ ಸುತ್ತ ಆರಡಿ ಖಾಲಿ ಗೋಡೆ ಬೇಕು. ಇನ್ನೊಬ್ಬರ ಕೆಲಸಕ್ಕೆ ಗೋಡೆಯೇ ಬೇಡ, ಕತ್ತಲೆ ಬೇಕು. ಬೆಂಗಳೂರಿನ ಒನ್ ಶಾಂತಿರೋಡ್‌ನಂಥ ಮನೆಯಳತೆಯ ಸ್ವತಂತ್ರ ಜಾಗಗಳಲ್ಲಿ ಸಮೂಹ ಪ್ರದರ್ಶನ ಕಟ್ಟುವವರು ಮೊದಲು ಬಿಡಬೇಕಾದದ್ದು ಈ ಪಾಲುಪಟ್ಟಿಯ ಅಭ್ಯಾಸವನ್ನು. ಯಾವುದರ ಪಕ್ಕ ಯಾವುದಿದ್ದರೆ ಎರಡೂ ಕಾಣುತ್ತವೆ ಎಂಬುದೇ ಇಲ್ಲಿನ ಕೆಲಸ.

ಅದಕ್ಕೆ ಫೋಟೊ ಸಾಲದು. ಉದ್ಘಾಟನೆಗೆ ಹತ್ತು ವಾರ ಮೊದಲೇ ಪ್ರತಿ ಕಲಾವಿದರಿಂದ, ಪ್ರದರ್ಶನ ಕಟ್ಟುವ ನಾವು ಬರೆಸಿಕೊಳ್ಳುವುದು: ಎತ್ತರ, ಅಗಲ, ದಪ್ಪ, ತೂಕ, ಎಷ್ಟು ಪ್ಲಗ್ ಪಾಯಿಂಟ್, ಶಬ್ದ ಇದೆಯೇ, ಕತ್ತಲೆ ಬೇಕೇ, ನೋಡುವವರು ಮುಟ್ಟಬಹುದೇ. ತೂಕವನ್ನು ಬಹುತೇಕ ಎಲ್ಲರೂ ಬರೆಯಲು ಮರೆಯುತ್ತಾರೆ, ಕೇಳಿ ಪಡೆಯಬೇಕು. ಆಮೇಲೆ ಹಾಲ್‌ನ ನಕ್ಷೆಯನ್ನು 1:20ರ ಪ್ರಮಾಣದಲ್ಲಿ ಬರೆದುಕೊಳ್ಳುತ್ತೇವೆ. 30 ಅಡಿ ಅಂದರೆ 18 ಇಂಚು, ಊಟದ ಮೇಜಿನ ಮೇಲೆ ಹಿಡಿಯುತ್ತದೆ. ಕೃತಿಗಳನ್ನೂ ಅದೇ ಅಳತೆಗೆ ರಟ್ಟಿನಲ್ಲಿ ಕತ್ತರಿಸಿ, ಕಲಾವಿದರನ್ನೆಲ್ಲ ಕೂರಿಸಿಕೊಂಡು, ಜರುಗಿಸಿ ನೋಡುತ್ತೇವೆ. ಜಗಳವಾಗುವುದಿದ್ದರೆ ಮೇಜಿನ ಮೇಲೇ ಆಗಲಿ. ಉದ್ಘಾಟನೆಯ ಹಿಂದಿನ ರಾತ್ರಿ ಏಣಿಯ ಮೇಲೆ ನಿಂತು ಆಗಬಾರದು.

ಮೊದಲು ಜಾಗ ಕೊಡಬೇಕಾದದ್ದು ಶಬ್ದವಿರುವ ವಿಡಿಯೊಗೆ, ಆಮೇಲೆ ನೆಲದ ಮೇಲಿನ ಕೃತಿಗಳಿಗೆ, ಕೊನೆಗೆ ಗೋಡೆಯವಕ್ಕೆ. ಗೋಡೆಯ ಕೃತಿಯನ್ನು ಎರಡಡಿ ಸರಿಸಬಹುದು, ಪ್ರೊಜೆಕ್ಟರನ್ನು ಹಾಗೆ ಸರಿಸಲಾಗದು. ಥ್ರೋ ರೇಷಿಯೊ, ಅಂದರೆ ಚಿತ್ರದ ಅಗಲಕ್ಕೆ ಎಷ್ಟು ಪಟ್ಟು ದೂರ ಬೇಕೆಂಬ ಲೆಕ್ಕ, 1.5 ಇರುವ ಪ್ರೊಜೆಕ್ಟರ್ ಎಂಟಡಿ ಅಗಲದ ಚಿತ್ರ ಬೀಳಿಸಲು 12 ಅಡಿ ಹಿಂದಿರಲೇಬೇಕು. ಆ 12 ಅಡಿಯೊಳಗೆ ಜನ ಓಡಾಡಿದರೆ ಪರದೆಯ ಮೇಲೆ ಅವರ ನೆರಳೇ ಕಾಣುತ್ತದೆ. ಕಪ್ಪು ದಪ್ಪ ಪರದೆ ಕಟ್ಟಿದರೆ ಶಬ್ದವೂ ನಿಲ್ಲುತ್ತದೆ ಎಂಬ ನಂಬಿಕೆ ನಮಗೂ ಇತ್ತು. ಅದು ಬೆಳಕನ್ನಷ್ಟೇ ತಡೆಯುತ್ತದೆ. ಈಗ ಒಂದು ಹಾಲ್‌ಗೆ ಒಂದೇ ತೆರೆದ ಸ್ಪೀಕರ್, ಉಳಿದದ್ದಕ್ಕೆಲ್ಲ ಹೆಡ್‌ಫೋನ್. ಕರೆಂಟು ಹೋಗಿ ಬಂದಾಗ ಪ್ರೊಜೆಕ್ಟರ್ ತಾನಾಗಿ ಹೊತ್ತಿಕೊಳ್ಳುವಂತೆ, ಪ್ಲೇಯರ್ ತಾನಾಗಿ ಮೊದಲಿನಿಂದ ಓಡುವಂತೆ ಸೆಟ್ಟಿಂಗ್ ಮಾಡಿಟ್ಟು, ಮೇನ್ ಸ್ವಿಚ್ ಆರಿಸಿ ಹಾಕಿ ಪರೀಕ್ಷಿಸಬೇಕು. ಇದನ್ನು ಬಿಟ್ಟರೆ ಭಾನುವಾರ ಮಧ್ಯಾಹ್ನ ಬಂದವರಿಗೆ ನೀಲಿ ಪರದೆಯೇ ದರ್ಶನ.

ಗೋಡೆಯ ಕೃತಿಗಳ ನಡುಮಧ್ಯ ನೆಲದಿಂದ 57 ಇಂಚಿಗೆ ಬರುವಂತೆ ಹಾಕುತ್ತೇವೆ. 36 ಇಂಚು ಎತ್ತರದ ಫ್ರೇಮ್, ಹಿಂದಿನ ತಂತಿ ಎಳೆದಾಗ ಮೇಲಂಚಿನಿಂದ ಮೂರು ಇಂಚು ಕೆಳಗೆ ನಿಲ್ಲುತ್ತದೆ ಎನ್ನಿ. 57ಕ್ಕೆ ಎತ್ತರದ ಅರ್ಧ 18 ಕೂಡಿಸಿ 3 ಕಳೆದರೆ 72, ಸ್ಕ್ರೂ ಅಲ್ಲಿಗೆ. ತಂತಿಯನ್ನು ಕೈಯಿಂದ ಎಳೆದು ಹಿಡಿದೇ ಅಳೆಯಬೇಕು, ಸಡಿಲ ಬಿಟ್ಟು ಅಳೆದರೆ ಸಾಲು ಅರ್ಧ ಇಂಚು ಮೇಲೆ ಕೆಳಗಾಗುತ್ತದೆ. ಒಂದೇ ಮೊಳೆಗೆ ನೇತುಹಾಕಿದ ಚೌಕಟ್ಟು ವಾರದಲ್ಲಿ ವಾಲುತ್ತದೆ, ಎರಡು ಸ್ಕ್ರೂ ಹಾಕಿ. ಒಬ್ಬರದೇ ಕೃತಿಗಳ ನಡುವೆ ಒಂದೂವರೆ ಅಡಿ ಬಿಟ್ಟರೆ, ಇಬ್ಬರು ಕಲಾವಿದರ ನಡುವೆ ಕನಿಷ್ಠ ಮೂರಡಿ. ಕಾಗದ, ಜಲವರ್ಣ, ಬಟ್ಟೆಯ ಕೃತಿಗಳಿಗೆ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣ, ಅಕ್ರಿಲಿಕ್‌ಗೆ 200 ಲಕ್ಸ್ ಬೆಳಕು. ಇವೆರಡನ್ನು ಅಕ್ಕಪಕ್ಕ ಇಟ್ಟರೆ ಕಾಗದದ್ದು ಮಂಕಾಗಿಬಿಡುತ್ತದೆ. ಎಷ್ಟೋ ಒಳ್ಳೆಯ ಚಿತ್ರಗಳು ಹೀಗೆ ಪಕ್ಕದವರ ದೀಪದಿಂದ ಸೋಲುತ್ತವೆ, ನನಗೆ ಬೇಸರ ತರಿಸುವುದು ಅದೇ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಲೆಕ್ಕವೇ ಬೇರೆ. ಹೊರಗೋಡೆಗೆ ಕಾಗದದ ಕೃತಿ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ, ತೇವ ಹತ್ತುವುದಿಲ್ಲ. ಫ್ರೇಮಿಲ್ಲದ ಕಾಗದವನ್ನು ಡಬಲ್ ಸೈಡ್ ಟೇಪಿನಲ್ಲಿ ಎಂದೂ ಅಂಟಿಸಬಾರದು. ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಬಿಡದಿದ್ದರೆ ತೆಗೆಯುವಾಗ ಕಾಗದವನ್ನೇ ಕಿತ್ತುಕೊಂಡು ಬರುತ್ತದೆ. ಗೋಧಿ ಪಿಷ್ಟದ ಅಂಟಿನಲ್ಲಿ ಜಪಾನಿ ಕಾಗದದ ಸಣ್ಣ ಪಟ್ಟಿ ಹಚ್ಚಿದರೆ ಆಮೇಲೆ ನೀರು ತಾಗಿಸಿ ಬಿಡಿಸಬಹುದು.

ಕೃತಿಯ ಪಕ್ಕದ ವಿವರಪಟ್ಟಿ ಕನ್ನಡದಲ್ಲಿ ಇರಲೇಬೇಕು, ಇಂಗ್ಲಿಷಿನ ಕೆಳಗೆ ಸಣ್ಣದಾಗಿ ಅಲ್ಲ, ಮೇಲೆಯೇ. ಯೂನಿಕೋಡ್ ಫೈಲನ್ನು ಹಾಗೇ ಪ್ರಿಂಟಿಂಗ್ ಅಂಗಡಿಗೆ ಕೊಟ್ಟರೆ ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಗಳಾಗಿ, ಬದಲಿಸಿದ ಪಿಡಿಎಫ್ ಕೊಡಿ, ಒಂದು ಹಾಳೆ ಮೊದಲು ತೆಗೆಸಿ ಓದಿ. ಕಲಾವಿದರ ಹೆಸರಿನ ಕಾಗುಣಿತವನ್ನು ಅವರಿಂದಲೇ ಬರೆಸಿಕೊಳ್ಳಿ.

ಹೊರರಾಜ್ಯದಿಂದ ಕೃತಿ ತರಿಸುವಾಗ ಗಾಬರಿ ಬೇಡ. ಜಿಎಸ್‌ಟಿ ನೋಂದಣಿ ಇರುವ ಕಲಾವಿದರು ಕೃತಿಯನ್ನು ಗ್ಯಾಲರಿಗೆ ಡೆಲಿವರಿ ಚಲನ್ (ಮಾರಾಟವಲ್ಲದ ಸಾಗಣೆಯ ಚೀಟಿ) ಮೇಲೆ, ಅನ್ವಯಿಸುವಲ್ಲಿ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಸಮೇತ, ಕಳಿಸಬಹುದು, ಇನ್‌ವಾಯ್ಸ್ ಮಾಡುವುದು ಮಾರಾಟವಾದಾಗ ಎಂದು 2017ರ ಡಿಸೆಂಬರ್‌ನ 22ನೇ ಜಿಎಸ್‌ಟಿ ಸುತ್ತೋಲೆ ಸ್ಪಷ್ಟಪಡಿಸಿದೆ. ಹಣ ಕಡಿಮೆ ಬಿದ್ದಾಗ ನಾವು ಮೊದಲು ಕೈಬಿಡುವುದು ಬಣ್ಣದ ಕ್ಯಾಟಲಾಗನ್ನು. ಕಲಾವಿದರ ಸಾಮಗ್ರಿ ಖರ್ಚನ್ನು ಕೊನೆಯವರೆಗೂ ಮುಟ್ಟುವುದಿಲ್ಲ.

ಕೃತಿ ಬಂದ ದಿನ ಪ್ಯಾಕಿಂಗ್ ಬಿಚ್ಚುತ್ತಲೇ ಮುಂದೆ, ಹಿಂದೆ, ನಾಲ್ಕೂ ಮೂಲೆ ಫೋಟೊ ತೆಗೆದು, ಇದ್ದ ಗೀರು ಕಲೆಗಳನ್ನು ಬರೆದು, ಸಹಿ ಹಾಕಿಸಿರುತ್ತೇವೆ. ಮರಳಿಸುವ ದಿನ ಅದೇ ಹಾಳೆ ಹಿಡಿದು ಮತ್ತೆ ನೋಡಬೇಕು. ಬಂದ ಪೆಟ್ಟಿಗೆ, ಬಬಲ್ ಶೀಟುಗಳ ಮೇಲೆ ಕಲಾವಿದರ ಹೆಸರು ಬರೆದು ಎತ್ತಿಟ್ಟಿದ್ದರೆ ಕಟ್ಟುವುದು ಅರ್ಧ ದಿನದ ಕೆಲಸ. ಗೋಡೆಯ ತೂತುಗಳಿಗೆ ಪುಟ್ಟಿ ತುಂಬಿ, ಒಣಗಿಸಿ, 180 ನಂಬರಿನ ಉಪ್ಪು ಕಾಗದದಲ್ಲಿ ಉಜ್ಜಿ, ಮೊದಲು ಬಳಿದ ಡಬ್ಬದಿಂದಲೇ ಉಳಿಸಿಕೊಂಡ ಒಂದು ಲೀಟರ್ ಬಿಳಿ ಬಣ್ಣ ಹಚ್ಚುತ್ತೇವೆ. ಹೊಸ ಡಬ್ಬದ ಬಿಳಿ ಒಂದಿಷ್ಟು ಬೇರೆಯಾಗಿಯೇ ಇರುತ್ತದೆ, ಮುಂದಿನ ಪ್ರದರ್ಶನದ ದೀಪ ಬಿದ್ದಾಗ ತೇಪೆಗಳೆಲ್ಲ ಎದ್ದು ಕಾಣುತ್ತವೆ.